ಕ್ಯಾಸೆಟ್‌ನಿಂದ ಅಳಿಸಿದ ಹೆಸರು

ನಂಬುವುದು, ಬಿಡುವುದು ನಿಮಗೆ ಸೇರಿದ್ದು. ಆದರೆ ಆ ರಾತ್ರಿ ಕಾಫಿ ಸ್ಟೋರ್‌ನೊಳಗೆ ಇದ್ದವನು ನಾನು, ಬೀಗ ಬಿದ್ದಿದ್ದು ಹೊರಗಿನಿಂದ. ಇದರಲ್ಲಿ ಒಂದಕ್ಷರವೂ ಕಟ್ಟಿದ್ದಲ್ಲ. ಒಂದೇ ಒಂದು ಹೆಸರು ಮಾತ್ರ ಹೇಳುವುದಿಲ್ಲ... ಯಾಕೆ ಅಂತ ಓದುತ್ತಾ ನಿಮಗೇ ತಿಳಿಯುತ್ತದೆ.

ನಮ್ಮ ಹಾನುಬಾಳು ಕಡೆಗೆ ಕಂಪ್ಯೂಟರ್ ಆಗತಾನೇ ಕಾಲಿಡುತ್ತಿದ್ದ ಕಾಲ. ನಾನು ಯಾರ ಹತ್ತಿರವೂ ಕಲಿತವನಲ್ಲ. ಬಿಚ್ಚಿ, ಜೋಡಿಸಿ, ಕೆಡಿಸಿ ಕಲಿತವನು. ಆಗ ಹಾಸನದಿಂದ ಒಬ್ಬರು ಡಾಕ್ಟರ್ ಮೇಡಂ ಬಂದು, ಎಸ್ಟೇಟ್ ಕೆಲಸದವರ ಸಾಲುಮನೆಗಳಲ್ಲಿ, ಅಂದರೆ ಲೈನ್‌ಗಳಲ್ಲಿ, ಕೆಮ್ಮಿನ ಬಗ್ಗೆ ಅಧ್ಯಯನ ಮಾಡುತ್ತಿದ್ದರು. ಒಬ್ಬೊಬ್ಬರ ಕೆಮ್ಮನ್ನೂ ಉಸಿರನ್ನೂ ಕ್ಯಾಸೆಟ್‌ನಲ್ಲಿ ಹಿಡಿಯುವುದು. ಆಮೇಲೆ ಸಿ.ಡಿ. ಮಾಡಿ ಬೇರೆ ಊರಿನ ಡಾಕ್ಟರುಗಳಿಗೂ ಹಂಚುವುದು. ಕೆಮ್ಮಿನ ಸದ್ದಿನಿಂದಲೇ ಕಾಯಿಲೆ ಗುರುತಿಸುವುದನ್ನು ಅವರೂ ಕಲಿಯಲಿ ಅಂತ.

ಕ್ಯಾಸೆಟ್ ಅದಲುಬದಲಾಗಬಾರದಲ್ಲ, ಅದಕ್ಕೆ ಪ್ರತಿಯೊಬ್ಬರೂ ಮೊದಲು ಹೆಸರು ಹೇಳಿಯೇ ಕೆಮ್ಮಬೇಕು. ಹಂಚುವ ಮೊದಲು ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಇಳಿಸಿ, ಆ ಹೆಸರು ಕತ್ತರಿಸಿ ಬರೀ ನಂಬರ್ ಉಳಿಸುವುದು ನನ್ನ ಕೆಲಸ.

ಕೊನೆಯ ಕ್ಯಾಸೆಟ್ ಒಬ್ಬ ಅಕ್ಕನದು. ಕಾಫಿ ಹಣ್ಣು ಕೊಯ್ಯುವ ಹೆಂಗಸು. ಎದೆಗೆ ಹಚ್ಚಿದ ನೀಲಗಿರಿ ಎಣ್ಣೆಯ ವಾಸನೆ ಅವಳು ಬರುವ ಮೊದಲೇ ಬರುತ್ತಿತ್ತು. ರೆಕಾರ್ಡ್ ಆದಮೇಲೆ ನನ್ನ ಕೈ ಹಿಡಿದುಕೊಂಡಳು.

"ನನ್ ಹೆಸ್ರು ಆಚೆ ಹೋಗ್ಕೂಡ್ದು ಕಣಪ್ಪಾ. ಮಗಳಿಗೆ ಹೊಂಗಡಹಳ್ಳದ ಸಂಬಂಧ ಮಾತಾಗೈತೆ. ಅವ್ವಂಗೆ ಎದೆ ಕಾಯ್ಲೆ ಅಂತ ಕಿವಿಗೆ ಬಿದ್ರೆ ಸಾಕು, ಬೇಡ ಅಂದ್ಬುಡ್ತಾರೆ."

"ಅಳಿಸ್ತೀನಿ ಅಕ್ಕಾ. ಮಾತು ಕೊಟ್ಟೆ," ಅಂದೆ.

ಬೆಳಿಗ್ಗೆ ಜೀಪಿನಲ್ಲಿ ಸಿ.ಡಿ. ಹೋಗಬೇಕು. ಎಸ್ಟೇಟ್‌ನಲ್ಲಿ ಕರೆಂಟ್ ನೆಟ್ಟಗಿದ್ದ ಜಾಗ ಅಂದರೆ ಕಾಫಿ ಸ್ಟೋರ್ ಒಂದೇ. ಮೂಟೆಗಳ ಮಧ್ಯೆ ಮೇಜು ಹಾಕಿ, ಕಂಪ್ಯೂಟರ್ ಇಟ್ಟುಕೊಂಡು ಕೂತೆ. ಕತ್ತಲಾಗುತ್ತಿದ್ದಂತೆ ಎಸ್ಟೇಟ್ ಲೆಕ್ಕ ಬರೆಯುವ ರೈಟರ್ ಮಂಜಣ್ಣ ಬೀಗ ಹಿಡಿದುಕೊಂಡು ಬಂದರು.

"ಅಣ್ಣಾ, ನಾನಿನ್ನೂ ಒಳಗಿದೀನಿ!"

"ಇದ್ರೆ ಇರು. ಸ್ಟೋರಿಗೆ ಮೂಟೆ ಬಿದ್ಮೇಲೆ ರಾತ್ರಿ ಬೀಗ ಹಾಕೋದೇ ಇಲ್ಲಿ ಪದ್ಧತಿ. ಕೀ ಬಂಗ್ಲೆಗೆ ಕೊಟ್ಬುಡ್ತೀನಿ, ಸಾಹುಕಾರ್ರು ಏಳೋ ತನ್ಕ ಬರಲ್ಲ. ಕುಡಿಯಾಕೆ ನೀರೈತೆ, ಮೂಲೇಲಿ ಬಕೆಟ್ಟೂ ಐತೆ. ಇನ್ನೇನು, ಜೋಗುಳ ಹಾಡ್ಲಾ?"

ಬೀಗ ಬಿತ್ತು. ಅವರ ಚಪ್ಪಲಿ ಸದ್ದು ದೂರವಾಯಿತು.

ಒಣಗಿದ ಕಾಫಿಯ ಹುಳಿ ವಾಸನೆ, ಗೋಣಿಯ ಧೂಳು... ಸರಳು ಹಾಕಿದ ಒಂದೇ ಕಿಟಕಿ. ಕ್ಯಾಸೆಟ್ ಮೇಲೆ ಕ್ಯಾಸೆಟ್ ಮುಗಿಸಿದೆ. ಕೊನೆಗೆ ಅಕ್ಕನದು. ಹೆಸರಿನ ಭಾಗ ಹುಡುಕಿ ಕತ್ತರಿಸಿದೆ. ಒಮ್ಮೆ ಕೇಳಿ ನೋಡಿದೆ. ಕೆಮ್ಮು... ಉಸಿರು... ಕೆಮ್ಮು. ಹೆಸರಿಲ್ಲ. ಸಮಾಧಾನವಾಗಿ ಸಿ.ಡಿ. ಬರೆಯಲು ಹಾಕಿದೆ.

ಆಗ ಇನ್ನೊಂದು ಕೆಮ್ಮು ಕೇಳಿಸಿತು.

ಸ್ಪೀಕರ್ ನೋಡಿದೆ. ಆಫ್ ಮಾಡಿದ್ದೆ.

"ಅಳಿಸ್ಬುಟ್ಯಾ ತಮ್ಮಾ?"

ಅಕ್ಕನ ದನಿ! ಪಾಪ, ನಿದ್ದೆ ಬರದೆ ಕಿಟಕಿ ಹತ್ತಿರ ಬಂದಿದ್ದಾಳೆ ಅಂದುಕೊಂಡೆ. ಸ್ಕ್ರೀನಿನಿಂದ ಕಣ್ಣು ತೆಗೆಯದೆಯೇ, "ಹೂಂ ಅಕ್ಕಾ, ಅಳಿಸ್ದೆ," ಅಂದೆ.

"ಯಾರ್ ಹೆಸ್ರ?"

"ನಿಂದೇ," ಅಂದು ಅವಳ ಹೆಸರು ಹೇಳಿಬಿಟ್ಟೆ.

ಅಷ್ಟರಲ್ಲೇ ನೀಲಗಿರಿ ಎಣ್ಣೆಯ ವಾಸನೆ ಬಂತು... ಕಿಟಕಿ ನನ್ನ ಎದುರಿಗಿತ್ತು. ವಾಸನೆ ಬಂದಿದ್ದು ಬೆನ್ನ ಹಿಂದಿನಿಂದ, ಮೂಟೆಗಳ ಸಂದಿಯಿಂದ.

ಹಾರಿ ಹೋಗಿ ಬಾಗಿಲು ಬಡಿದೆ, ಕೂಗಿದೆ. ಬಂಗಲೆ ಗುಡ್ಡದ ಮೇಲೆ. ಯಾರಿಗೆ ಕೇಳಬೇಕು? ಮೂಟೆಗಳ ಆಚೆ ಯಾರೋ ಕಷ್ಟಪಟ್ಟು ಉಸಿರೆಳೆಯುತ್ತಿದ್ದರು. ಗೋಣಿಯನ್ನು ಉಗುರಿನಿಂದ ಕೆರೆಯುವ ಸದ್ದು... ಹೊರಗೆ ಬರಲು ದಾರಿ ಹುಡುಕುವವರ ಹಾಗೆ. ಬಾಗಿಲಿಗೆ ಬೆನ್ನು ಒತ್ತಿ ಬೆಳಗಿನವರೆಗೂ ಹಾಗೇ ಕೂತೆ. ಎದ್ದು ನೋಡುವ ಧೈರ್ಯ ಬರಲಿಲ್ಲ.

ಬೆಳಕು ಹರಿಯುತ್ತಿದ್ದಂತೆ ಸದ್ದು ನಿಂತಿತು. ಜೀಪಿನ ಹಾರ್ನ್ ಕೇಳಿಸಿತು. ಡ್ರೈವರ್ ಕಿಟಕಿಯೊಳಗೆ ಕೈ ಚಾಚಿದ.

"ಸಿ.ಡಿ. ಕೊಡು ಮಾರಾಯ, ಮೇಡಂ ಕಾಯ್ತಾವ್ರೆ."

"ಮೊದ್ಲು ಬಾಗ್ಲು ತೆಗ್ಸೋ!"

"ಕೀ ಏನ್ ನನ್ ಜೇಬಲ್ಲೈತಾ? ಮಂಜಣ್ಣಂಗೆ ಹೇಳಿ ಹೋಯ್ತೀನಿ ಬುಡು."

ಸಿ.ಡಿ. ಕೊಟ್ಟೆ. ಜೀಪ್ ಹೊರಟಿತು. ಯಾಕೋ ತಡೆಯಲಾಗದೆ ಅಕ್ಕನ ಫೈಲನ್ನು ಇನ್ನೊಮ್ಮೆ ಹಾಕಿದೆ. ಕೆಮ್ಮು... ಉಸಿರು... ಕೆಮ್ಮು... ಆಮೇಲೆ, "ಅಳಿಸ್ಬುಟ್ಯಾ ತಮ್ಮಾ?"

"ಹೂಂ ಅಕ್ಕಾ, ಅಳಿಸ್ದೆ." ನನ್ನದೇ ದನಿ! ಆಮೇಲೆ ಅವಳ ಹೆಸರು, ಸ್ಪಷ್ಟವಾಗಿ, ನನ್ನ ಬಾಯಿಂದ.

ಆ ಕಂಪ್ಯೂಟರಿಗೆ ನಾನು ಮೈಕ್ ಹಾಕಿಯೇ ಇರಲಿಲ್ಲ.

ಸರಳು ಹಿಡಿದು ಅರಚಿದೆ. ಜೀಪ್ ತಿರುವು ದಾಟಿಯಾಗಿತ್ತು. ಕೊನೆಗೆ ಮಂಜಣ್ಣ ಬಂದು ಬೀಗ ತೆಗೆದರು. "ಏನೋ, ಹುಲಿ ಬಂತೇನೋ?" ಅಂದರು. ಅವರನ್ನು ದಾಟಿಕೊಂಡು ಹಾನುಬಾಳಿಗೆ ಓಡಿದೆ. ಟೆಲಿಫೋನ್ ಬೂತಿನಿಂದ, ಹಾಸನದ ಮೇಡಂ ಸಿಗುವವರೆಗೂ ಮತ್ತೆ ಮತ್ತೆ ಫೋನ್ ಮಾಡಿದೆ.

"ಮೇಡಂ, ಯಾರಿಗೂ ಕಾಪಿ ಕೊಡಬೇಡಿ! ಕೊನೇ ಫೈಲಲ್ಲಿ ಹೆಸರಿದೆ!"

ಅವರು ಕೇಳಿ ನೋಡಿದರು. ನಾನು ರಿಸೀವರ್ ಹಿಡಿದುಕೊಂಡೇ ನಿಂತಿದ್ದೆ.

"ಹೆಸರು ಎಲ್ಲೂ ಇಲ್ಲಪ್ಪ. ಆದರೆ ಕೊನೆಯಲ್ಲಿ ನೀನು 'ಹೂಂ ಅಕ್ಕಾ' ಅಂತೀಯಲ್ಲ, ಯಾರಿಗೆ? ಬೇರೆ ಯಾರ ದನಿಯೂ ಇಲ್ಲ. ನೀನು 'ನಿಂದೇ' ಅಂದಮೇಲೆ ಏನೋ ಕತ್ತರಿಸಿದ ಹಾಗಿದೆ. ನೀಟಾಗಿ ಕತ್ತರಿಸಿದ್ದೀಯ."

ನಾನು ಕತ್ತರಿಸಿರಲಿಲ್ಲ.

ಅಲ್ಲಿಂದ ಸೀದಾ ಲೈನಿಗೆ ಹೋದೆ. ಅಕ್ಕ ಜಗಲಿ ಮೇಲೆ ಕೂತು ಕಾಫಿ ಕುಡಿಯುತ್ತಿದ್ದಳು. ಮಗಳು ಒಳಗೆ ರೊಟ್ಟಿ ತಟ್ಟುತ್ತಿದ್ದಳು.

"ಅಕ್ಕಾ, ರಾತ್ರಿ ಸ್ಟೋರ್ ಹತ್ರ ಬಂದಿದ್ಯಾ?"

"ನಾನ್ಯಾಕ್ ಬರ್ಲಪ್ಪಾ? ಮಗಳು ಎಣ್ಣೆ ತಿಕ್ಕಿದ್ಲು, ಮಲಿಕ್ಕಂಬುಟ್ಟೆ. ಕೆಟ್ಟ ಕನ್ಸು ಒಂದು ಬಿತ್ತು ಅಷ್ಟೆ. ಯಾವ್ದೋ ಕತ್ಲೆ ಕೋಣೆ... ಸುತ್ತ ಮೂಟೆ. ಉಸ್ರು ಕಟ್ತಿತ್ತು. ಈಚೆ ಬರಾಣ ಅಂದ್ರೆ ಬಾಗ್ಲಿಗೆ ಯಾರೋ ಬೆನ್ ಕೊಟ್ಕಂಡು ಕೂತಿದ್ರು ಕಣೋ."

ಲೋಟ ಕೆಳಗಿಡುವಾಗ ಅವಳ ಉಗುರುಗಳು ಕಣ್ಣಿಗೆ ಬಿದ್ದವು... ಸಂದಿಯಲ್ಲಿ ಗೋಣಿಯ ನಾರು.

ಮುಂದಕ್ಕೆ ಬಾಗಿ, ಮಗಳಿಗೆ ಕೇಳಿಸದ ಹಾಗೆ ಮೆಲ್ಲಗೆ ಕೇಳಿದಳು.

"ಅಳಿಸ್ಬುಟ್ಯಾ ತಮ್ಮಾ?"

ಆ ಮದುವೆ ಆಯಿತು. ಊಟಕ್ಕೂ ಹೋಗಿ ಬಂದೆ. ಆದರೆ ಅವತ್ತು ಜಗಲಿಯಲ್ಲಿ ಅವಳ ಮಾತಿಗೆ ಸುಮ್ಮನೆ ತಲೆಯಾಡಿಸಿದೆ, ಅಷ್ಟೇ. ಬಾಯಿ ತೆರೆಯಲಿಲ್ಲ. ಇವತ್ತಿಗೂ ಬೆನ್ನ ಹಿಂದೆ ಯಾರಾದರೂ ಕೆಮ್ಮಿದರೆ, ಮುಖ ನೋಡುವವರೆಗೂ ನಾನು ಮಾತಾಡುವುದಿಲ್ಲ.