ಡಬ್ಬಿಯೊಳಗಿನ ತಗಡು

ಮೊನ್ನೆ ಘಟಪ್ರಭಾ ಸ್ಟೇಷನ್ ಹತ್ತಿರದ ಮೊಬೈಲ್ ರಿಪೇರಿ ಅಂಗಡಿಯ ಮುಂದೆ ಹಾದುಹೋಗುತ್ತಿದ್ದೆ. ಒಳಗೆ ಯಾರೋ ಬೆಸುಗೆ ಹಾಕುತ್ತಿದ್ದರು. ಕಾದ ರಾಳದ ವಾಸನೆ ಮೂಗಿಗೆ ಬಡಿದದ್ದೇ ಕಾಲು ಮುಂದೆ ಹೋಗಲಿಲ್ಲ. ನನ್ನ ತಂಗಿಯ ಓಢಣಿಗೆ ಸದಾ ಇದೇ ವಾಸನೆ ಇರುತ್ತಿತ್ತು...

ನಾನು ತಗಡಿನ ಕೆಲಸದವನು. ಟ್ರಂಕು, ಕಾಳು ತುಂಬುವ ಡಬ್ಬ, ಸೂರಿನ ಅಂಚಿಗೆ ಕಟ್ಟುವ ಮಳೆನೀರಿನ ದೋಣಿ, ಇವು ನನ್ನ ಕೆಲಸ. ಏಳನೆಯ ಇಯತ್ತೆಗೇ ಸಾಲೆ ಬಿಟ್ಟೆ. ತಂಗಿ ಮಾತ್ರ ಓದಿದಳು. ಗೋಕಾಕದಲ್ಲಿ ಡಿಪ್ಲೊಮಾ ಮುಗಿಸಿದಳು. ಬೆಸುಗೆ ಹಿಡಿಯುವುದನ್ನು ಮೊದಲು ಕಲಿತದ್ದು ನನ್ನ ಹತ್ತಿರವೇ. ಆಮೇಲೆ ನಾನು ಹಾಕಿದ ಬೆಸುಗೆಯ ಟಾಕಿ ನೋಡಿ ನಗುತ್ತಿದ್ದಳು. "ಅಣ್ಣಾ, ಇದು ಬೆಸಿಗಿ ಅಲ್ಲೋ, ಸಗಣಿ ಮೆತ್ತಿದಂಗ ಆಗೈತಿ."

ಅಂಗೈಯಷ್ಟೇ ಇದ್ದ ಒಂದು ಕಂಪ್ಯೂಟರ್ ಬೋರ್ಡು ತರಿಸಿ, ಅದಕ್ಕೆ ಶಾಖ ಅಳೆಯುವ ಸಣ್ಣ ತುಂಡೊಂದನ್ನು ಜೋಡಿಸಿದ್ದಳು. ತುಕ್ಕಾನಟ್ಟಿ ಕಡೆಯ ಕೋಳಿ ಫಾರ್ಮಿನ ಮಾಲಕರೊಬ್ಬರು ಅದನ್ನು ತಮ್ಮ ಶೆಡ್ಡಿನಲ್ಲಿ ಹಾಕಿ ನೋಡಲು ಒಪ್ಪಿದ್ದರು. ಹೊಸ ಮರಿಗಳಿಗೆ ಬೆಚ್ಚಗಿರಬೇಕು. ಬಲ್ಬು ಆರಿದರೆ ಚಳಿಗೆ ಒಂದರ ಮೇಲೊಂದು ಒತ್ತಿಕೊಂಡು ಉಸಿರುಗಟ್ಟಿ ಸಾಯುತ್ತವೆ. ಶೆಡ್ಡು ತಣ್ಣಗಾದರೆ ಆ ಬೋರ್ಡು ವೈಫೈ ಮೂಲಕ ಮಾಲಕರ ಮೊಬೈಲಿಗೂ ಇವಳ ಮೊಬೈಲಿಗೂ ಸುದ್ದಿ ಕಳಿಸುತ್ತಿತ್ತು.

ಅಪ್ಪ ಒಂದೇ ಮಾತು ಹೇಳಿದ್ದ. "ಇದೊಂದು ನಡೀತಂದ್ರ ನಿನ್ನ ದಾರಿ ನಿಂದವ್ವಾ. ಇಲ್ಲಂದ್ರ ಸುಮ್ಮ ಎಲ್ಲೆರ ಪಗಾರದ ಕೆಲಸ ಹಿಡಿ." ಹಾಗಾಗಿ ಆ ಬೋರ್ಡಿನ ಮೇಲೆ ಅವಳ ಪ್ರಾಣ ಇತ್ತು.

ಮೊದಮೊದಲು ವೈಫೈ ಸಂಪರ್ಕ ಉಳಿಯುತ್ತಲೇ ಇರಲಿಲ್ಲ. ಸಿಕ್ಕರೆ ಹಸಿರು ದೀಪ, ತಪ್ಪಿದರೆ ಕೆಂಪು. ಇವಳು ಊಟ ಬಿಟ್ಟು ಆ ದೀಪವನ್ನೇ ನೋಡುತ್ತ ಕೂಡುತ್ತಿದ್ದಳು. ಸಸ್ತಾ ಚಾರ್ಜರಿನಿಂದ ಕರೆಂಟು ಸಾಲುತ್ತಿಲ್ಲ ಎಂದು ಬೇರೆ ಚಾರ್ಜರ್ ತಂದಳು. ಕೆಲಸವಿಲ್ಲದಾಗ ಬೋರ್ಡು ವೈಫೈಯನ್ನು ನಿದ್ದೆಗೆ ಹಾಕುತ್ತದೆ ಎಂದು ಆ ನಿದ್ದೆಯನ್ನೇ ಬಂದ್ ಮಾಡಿದಳು. ಶೆಡ್ಡಿನ ತಂತಿ ಜಾಳಿಗೆಯ ಹತ್ತಿರ ಇಟ್ಟರೆ ವೈಫೈ ಬಿಟ್ಟುಹೋಗುತ್ತದೆ ಎಂದು ಜಾಗ ಬದಲಿಸಿದಳು. ಒಮ್ಮೆಗೆ ಒಂದೇ ಬದಲು ಮಾಡಬೇಕು, ಎರಡು ಮಾಡಿದರೆ ಯಾವುದರಿಂದ ಸರಿಹೋಯಿತೋ ತಿಳಿಯುವುದಿಲ್ಲ ಎನ್ನುತ್ತಿದ್ದಳು. ಕೊನೆಗೆ ಹಸಿರು ದೀಪ ಅಲುಗದೆ ನಿಂತಿತು. ಬಿಳಿಯ ಪ್ಲಾಸ್ಟಿಕ್ ಡಬ್ಬಿಯೊಂದರಲ್ಲಿ ಅದನ್ನು ಕೂಡಿಸಿ ಗೋಡೆಗೆ ತೂಗುಹಾಕಿ ಬಂದ ದಿನ, ಅವ್ವ ಹೋಳಿಗೆ ಮಾಡಿದ್ದಳು.

ಕೆಲವು ದಿನ ಚೆನ್ನಾಗಿ ನಡೆಯಿತು. ಅಷ್ಟರಲ್ಲಿ ಅವಳು ಹುಕ್ಕೇರಿಗೆ, ಬಸುರಿಯಾಗಿದ್ದ ಚಿಕ್ಕಮ್ಮನ ಮಗಳ ಕುಬಸಕ್ಕೆ ಹೋದಳು. ಅದೇ ದಿನ ನಾನು ಫಾರ್ಮಿನ ಸೂರಿಗೆ ದೋಣಿ ಹಾಕಲು ಹೋಗಿದ್ದೆ. ಡಬ್ಬಿಯ ಮೂಲೆಯನ್ನು ಇಲಿ ಕಡಿದಿತ್ತು. ಇಲಿ ಕಂಡರೆ ನಮ್ಮ ಕಸುಬಿನಲ್ಲಿ ಮಾಡುವುದು ಒಂದೇ, ಒಳಗೆ ತಗಡು ಹೊಡೆಯುವುದು. ಡಬ್ಬಿಯ ನಾಲ್ಕೂ ಕಡೆ, ತಳಕ್ಕೆ, ಮುಚ್ಚಳಕ್ಕೆ ಅಳತೆ ಹಿಡಿದು ತಗಡು ಕೂಡಿಸಿದೆ. ತಂಗಿ ನೋಡಿ ಖುಷಿಪಡಲಿ ಎಂದು ಅಂಚನ್ನೂ ಮಡಚಿದೆ. ಹೊರಗಿನಿಂದ ಡಬ್ಬಿ ಮೊದಲಿನಂತೆಯೇ ಇತ್ತು. ದೀಪ ಮಾತ್ರ ಕಾಣುತ್ತಿರಲಿಲ್ಲ. ನಾನು ಅದನ್ನು ಗಮನಿಸಲೂ ಇಲ್ಲ.

ಮರುದಿನ ಬೆಳಿಗ್ಗೆ ಮಾಲಕರ ಫೋನ್ ಬಂತು. ರಾತ್ರಿ ಬಲ್ಬಿನ ಲೈನು ಹೋಗಿತ್ತು. ಯಾರ ಮೊಬೈಲಿಗೂ ಸುದ್ದಿ ಬಂದಿರಲಿಲ್ಲ. ಹೋಗಿ ನೋಡಿದರೆ ಶೆಡ್ಡಿನ ಮೂಲೆಯಲ್ಲಿ ಹಳದಿ ಮರಿಗಳು ಸತ್ತು ಗುಡ್ಡೆಯಾಗಿ ಬಿದ್ದಿದ್ದವು.

"ಹುಡಿಗೀ ಮಾತು ಕೇಳಿ ಕೆಟ್ಟೆ ನೋಡ್ರಿ. ಒಯ್ರಿ ನಿಮ್ಮ ಡಬ್ಬಿ" ಎಂದರು ಮಾಲಕರು.

ಮನೆಗೆ ತಂದು ನನ್ನ ಕೆಲಸದ ಮಣೆಯ ಮೇಲಿಟ್ಟು ಕರೆಂಟು ಕೊಟ್ಟೆ. ಮನೆಯ ವೈಫೈಯೂ ಅದಕ್ಕೆ ಗೊತ್ತಿತ್ತು. ಮುಚ್ಚಳ ಮುಚ್ಚಿ ವೈರಿನ ತೂತಿನಲ್ಲಿ ಕಣ್ಣಿಟ್ಟೆ. ಕೆಂಪು. ಮುಚ್ಚಳ ತೆಗೆದೆ. ಸ್ವಲ್ಪ ಹೊತ್ತಿಗೆ ಹಸಿರು. ಮತ್ತೆ ಮುಚ್ಚಿದೆ. ಕೆಂಪು... ತಗಡು ವೈಫೈಯನ್ನು ತಡೆಯುತ್ತದೆ ಎಂದು ಓದದ ನನಗೂ ಗೊತ್ತಾಯಿತು.

ಮುಂದೆ ಮಾಡಿದ್ದನ್ನು ಬರೆಯಲು ಕೈ ಬರುತ್ತಿಲ್ಲ. ತಗಡನ್ನೆಲ್ಲ ಕಿತ್ತು ಗುಜರಿಯಲ್ಲಿ ಒಗೆದೆ. ಡಬ್ಬಿಯನ್ನು ಒರೆಸಿ ಮೊದಲಿನಂತೆ ಇಟ್ಟೆ.

ಸಂಜೆ ತಂಗಿ ಹುಕ್ಕೇರಿಯಿಂದ ಬಂದಳು. ಅತ್ತು ಕಣ್ಣು ಬಾತಿದ್ದವು. "ಅಣ್ಣಾ, ಏನರ ಮುಟ್ಟಿದ್ಯೇನು?"

"ನಾ ಯಾಕ ಮುಟ್ಲಿ ಬೇ" ಎಂದೆ.

ಅಪ್ಪನ ಸಿಟ್ಟಿಗೆ ಅಂಜಿದೆನೋ, ಮಾಲಕರ ಮುಂದೆ ಮುಖ ಹೋಗುತ್ತದೆಂದು ಅಂಜಿದೆನೋ, ಈಗಲೂ ಹೇಳಲಾರೆ. ಎರಡು ದಿನ ಬಿಟ್ಟು ಹೇಳೋಣ ಎಂದುಕೊಂಡೆ. ಬಿಟ್ಟಷ್ಟೂ ಹೇಳುವುದು ಕಷ್ಟವಾಗುತ್ತ ಹೋಯಿತು.

ಅವಳು ಮತ್ತೆ ಹುಡುಕಲು ಕೂತಳು. ಚಾರ್ಜರ್ ಬದಲಿಸಿದಳು, ಬೋರ್ಡು ಬದಲಿಸಿದಳು, ಅದರೊಳಗಿನ ಪ್ರೋಗ್ರಾಮನ್ನೆಲ್ಲ ಅಳಿಸಿ ಮತ್ತೆ ಬರೆದಳು. ಹಸಿರು ದೀಪ ಅಲುಗುತ್ತಿರಲಿಲ್ಲ. ಅದೇ ಅವಳನ್ನು ತಿಂದದ್ದು. "ಮನ್ಯಾಗ ಇಷ್ಟ ಛಲೋ ನಡೀತೈತಿ, ಅಲ್ಲಿ ಯಾಕ ಕೈ ಕೊಡ್ತು? ನನಗ ತಿಳೀಲಾರದ್ದು ಏನೋ ಐತಿ ಅಣ್ಣಾ. ನನ್ನ ಓದು ಅರ್ಧಾನ ಆಗೈತಿ." ನಾನು ಬಾಜೂಕ್ಕೇ ಕೂತು ತಗಡು ಬಡಿಯುತ್ತಿದ್ದೆ. ದೋಷ ಇಲ್ಲದ ಕಡೆ ಅವಳು ದೋಷ ಹುಡುಕುತ್ತಿದ್ದಳು.

ಕೊನೆಗೆ ಎಲ್ಲವನ್ನೂ ಚೀಲಕ್ಕೆ ತುಂಬಿ ಅಟ್ಟಕ್ಕೆ ಹಾಕಿದಳು. ಗೋಕಾಕದ ಬಟ್ಟೆ ಅಂಗಡಿಯೊಂದರಲ್ಲಿ ಕೆಲಸಕ್ಕೆ ಸೇರಿದಳು. ಮನೆಯ ಮಿಕ್ಸರ್ ಕೆಟ್ಟರೂ ಮುಟ್ಟಲಿಲ್ಲ. "ನನಗೆಲ್ಲಿ ಬರ್ತೈತಿ, ಬ್ಯಾರೆದಾವ್ರಿಗೆ ತೋರಸ್ರಿ" ಎನ್ನುತ್ತಿದ್ದಳು.

ಹೋದ ವರ್ಷ ಅವಳಿಗೆ ಕಾಮಾಲೆ ಬಂತು. ತಡವಾಗಿ ಗೊತ್ತಾಯಿತು. ಆಸ್ಪತ್ರೆಯಲ್ಲಿ ಒಂದು ಮಧ್ಯಾಹ್ನ, ಮಾತಾಡಲು ತ್ರಾಣವಿದ್ದ ಕೊನೆಯ ದಿನಗಳಲ್ಲಿ, ನನ್ನ ಕಡೆ ತಿರುಗಿ ಅಂದಳು: "ಅಣ್ಣಾ, ಅವತ್ತ ಅದು ಯಾಕ ಬಂದ್ ಬಿದ್ದಿತ್ತು ಅಂತ ಇನ್ನೂ ತಿಳೀಲಿಲ್ಲ ನೋಡು."

ಬಾಯಿ ತನಕ ಬಂದಿತ್ತು.

"ಈಗ್ಯಾಕ ಅದು... ಮಕ್ಕೋ" ಎಂದೆ.

ಮಲಗಿದಳು. ಆಮೇಲೆ ಅವಳು ಆ ಮಾತು ಎತ್ತಲಿಲ್ಲ. ಎತ್ತಲು ದಿನಗಳೂ ಉಳಿಯಲಿಲ್ಲ.

ಮೊನ್ನೆ ಆ ಅಂಗಡಿಯ ಮುಂದಿನಿಂದ ಮನೆಗೆ ಹೋಗದೆ ನೇರ ತುಕ್ಕಾನಟ್ಟಿಗೆ ಹೋದೆ. ಮಾಲಕರು ಮರಿಗಳಿಗೆ ನೀರಿಡಿಸುತ್ತಿದ್ದರು. ನಿಂತಲ್ಲೇ ತಗಡಿನ ಸಂಗತಿಯನ್ನೆಲ್ಲ ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ. ಅವರಿಗೆ ನೆನಪಾಗುವುದಕ್ಕೇ ಸ್ವಲ್ಪ ಹೊತ್ತು ಹಿಡಿಯಿತು.

"ಓ, ಆ ಬ್ಯಾಚೇನ್ರಿ! ಕೋಳಿ ಧಂದೇದಾಗ ಇದ್ದದ್ದ ಬಿಡ್ರಿ ಅದು. ಇಷ್ಟ ದಿನಾ ಅದನ್ನ ಇಟ್ಕೊಂಡ ಕುಂತೀರೇನ?" ನಕ್ಕರು. ಆಮೇಲೆ ಸ್ವಲ್ಪ ಯೋಚಿಸಿ, "ಹಂಗಾರ ಆಕೀ ಕೆಲಸದಾಗ ಏನೂ ತಪ್ಪ ಇರಲಿಲ್ಲ. ಖರೆ ಹೇಳ್ತೀನಿ, ಆಕೀ ಮ್ಯಾಲ ಸುಮ್ಮ ಒದರಿದ್ನಿ ನಾ. ಕರಕೊಂಬರ್ರಿ, ಮತ್ತೊಂದ ಹಾಕ್ಲಿ. ನಾನ ಆಕೀಗೆ ಹೇಳ್ತೀನಿ" ಎಂದರು.

ಶೆಡ್ಡಿನೊಳಗೆ ಮರಿಗಳು ಚಿಂವ್‌ಗುಡುತ್ತಿದ್ದವು. ಅವಳು ಇಲ್ಲ ಎಂಬುದನ್ನು ಅವರಿಗೆ ನಾನೇ ಹೇಳಬೇಕಾಯಿತು.