ಚೆಡುಗುಡು ಅಂದ ಬಾಯಿ

ಇದನ್ನು ನೀವು ನಂಬುವುದಿಲ್ಲ. ನಂಬದಿದ್ದರೂ ಪೂರ್ತಿ ಓದಿ. ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ರಾಯಚೂರು ಜಿಲ್ಲಾ ಕಬಡ್ಡಿ ತಂಡದ ಆಟಗಾರನಾಗಿದ್ದೆ. ಅರ್ಧ ನಿಮಿಷ.

ರಾಯಚೂರಿನ ಮೈದಾನದಲ್ಲಿ ಆಯ್ಕೆ ನಡೆದಿತ್ತು. ಹನ್ನೊಂದು ಮಂದಿ ಹುಡುಗರು ಸಿಕ್ಕಿದ್ದರು, ಉಳಿದದ್ದು ಒಂದೇ ಜಾಗ. ಅದಕ್ಕೆ ದೇವದುರ್ಗದಿಂದ ನಾನು, ಮಾನ್ವಿಯಿಂದ ಇನ್ನೊಬ್ಬ. ಅವನ ತೊಡೆ ಬಸ್ಸಿನ ಟೈರಿನಷ್ಟು ದಪ್ಪ. ನನ್ನದು ಆ ಟೈರಿಗೆ ಗಾಳಿ ಹೊಡೆಯುವ ಪಂಪಿನಷ್ಟು. ಇಬ್ಬರಿಗೂ ಒಂದೊಂದು ದಾಳಿ. ಎದುರಿನವರನ್ನು ಮುಟ್ಟಿ ವಾಪಸು ಬಂದವನು ತಂಡಕ್ಕೆ. ಮಾನ್ವಿಯವನು ಸಿಕ್ಕಿಬಿದ್ದ.

ನನ್ನ ಕಷ್ಟವೆಲ್ಲ ಬಾಯಲ್ಲಿತ್ತು. ತೆಲುಗು ಸೀಮೆಗೆ ಕೂಲಿಗೆ ಹೋಗಿ ಬಂದವರು ನಮ್ಮ ಓಣಿಗೆ ಈ ಆಟ ತಂದದ್ದು ‘ಚೆಡುಗುಡು’ ಎಂಬ ಹೆಸರಿನಲ್ಲಿ. ಉಸಿರು ಬಿಡದೆ ಅದನ್ನೇ ಅನ್ನುತ್ತ ಬೆಳೆದವನು ನಾನು. ಬೆಳಗ್ಗೆಯೇ ಅಂಪೈರ್ ಹಿಡಿದು ನಿಲ್ಲಿಸಿದ್ದರು.

“ಲೇ ತಮ್ಮಾ, ಕಬಡ್ಡಿ ಅನ್ನು. ಇನ್ನೊಮ್ಮಿ ಚೆಡುಗುಡು ಅಂದ್ರ ಔಟ್ ಕೊಡ್ತೀನಿ ನೋಡು.”

“ಇಲ್ರೀ ಸರ್, ಕನಸಿನಾಗೂ ಅನ್ನಂಗಿಲ್ಲ.”

ಗೆರೆ ದಾಟಿದೆ. ಕಬಡ್ಡಿ, ಕಬಡ್ಡಿ. ಎದುರಿದ್ದ ಏಳು ಜನ ಎಪ್ಪತ್ತಾಗಿ ಕಂಡರು. ಮೂಲೆಯವನ ಮೊಣಕಾಲು ಮುಟ್ಟಿ ತಿರುಗಿದೆನೋ ಇಲ್ಲವೋ, ಪಾದ ಹಿಡಿದರು. ಸೊಂಟದ ಮೇಲೊಬ್ಬ, ಬೆನ್ನ ಮೇಲಿಬ್ಬರು. ರಾಯಚೂರು ಕೋಟೆಯೇ ಮೈಮೇಲೆ ಕೂತಂತಾಯಿತು. ನಡುಗೆರೆ ಒಂದು ಗೇಣು ದೂರ. ಉಸಿರು ತಳ ಕಂಡಿತು, ಕಣ್ಣು ಮಬ್ಬಾಯಿತು. ನಾಲಗೆ ತನ್ನ ಪಾಡಿಗೆ ತಾನು ಓಣಿಯ ದಾರಿ ಹಿಡಿದದ್ದು ನನಗೇ ಕೇಳಿಸಿತು: ಚೆಡುಗುಡುಗುಡುಗುಡು... ಬೆರಳು ಗೆರೆ ಮುಟ್ಟಿತು.

ಸೀಟಿ. ಅಂಪೈರ್ ನನ್ನ ಹೆಸರು ಪಟ್ಟಿಗೆ ಬರೆದೇಬಿಟ್ಟರು. ಅಷ್ಟರಲ್ಲಿ ಮಾನ್ವಿಯವನು ಎದ್ದ.

“ಸರ್, ಕಡೀಕ ಚೆಡುಗುಡು ಅಂದಾನ್ರೀ ಅಂವ!”

“ಸುಳ್ಳ ಹೇಳಬ್ಯಾಡಲೇ! ಕಬಡ್ಡಿನ ಅಂದೀನಿ!” ಎಂದೆ.

ಗದ್ದಲದಲ್ಲಿ ಅಂಪೈರಿಗೆ ಏನೂ ಕೇಳಿಸಿರಲಿಲ್ಲ. ಪೆನ್ನು ಹೆಸರಿನ ಮೇಲೆಯೇ ನಿಂತಿತು. “ಗೆರಿ ಕಡೆ ನಿಂತವ್ರು ಯಾರರ ಕೇಳೀರೇನ್ರೀ?” ಎಂದರು. ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇನ್ನೇನು ಉಳಿದೆ ಅಂದುಕೊಂಡೆ.

ಗುಂಪು ಸರಿಸಿಕೊಂಡು ಒಬ್ಬರು ಒಳಗೆ ಬಂದರು. ಗಂಜ್ ಮಾರುಕಟ್ಟೆಯಲ್ಲಿ ಹತ್ತಿ ಮಾರಿ, ಮಗನ ಆಟ ನೋಡಲು ಬಂದಿದ್ದ ನಮ್ಮಪ್ಪ. ಮಗ ನಡುವೆ ಉಸಿರು ಬಿಟ್ಟನೆಂದು ತಕರಾರು ಎದ್ದಿದೆ ಅಂದುಕೊಂಡಿದ್ದರು. ರುಮಾಲು ತೆಗೆದು ಅಂಪೈರಿಗೆ ಕೈಮುಗಿದರು.

“ಸಾಹೇಬ್ರ, ನನ್ನ ಮಗ ಉಸಿರು ಬಿಟ್ಟಿಲ್ರೀ. ದೇವರಾಣಿ, ನಾ ಇಲ್ಲೇ ನಿಂತು ಕೇಳೀನಿ. ಗೆರಿ ಮುಟ್ಟೂತನಕ ಚೆಡುಗುಡು, ಚೆಡುಗುಡು ಅಂತನ ಇದ್ದ!”