ದೆವ್ವಕ್ಕಿದ್ದ ಒಂದೇ ಮಾತು

ಮೊನ್ನೆ ಅಟ್ಟ ಗುಡಿಸುವಾಗ ಪೌಡರ್ ಡಬ್ಬಿಯೊಂದು ಉರುಳಿ ಬಿತ್ತು. ಮುಚ್ಚಳ ತೆಗೆದರೆ ತಳದಲ್ಲಿ ಗಟ್ಟಿಯಾದ ಚೂರು ಪೌಡರು, ಅದೇ ಮಲ್ಲಿಗೆಯ ವಾಸನೆ. ಒಂದೇ ಸಂಜೆಯಲ್ಲಿ ತಂಗಿ ಇದನ್ನು ಮುಖಕ್ಕೂ ಕೈಗೂ ಬಳಿದು ಮುಗಿಸಿದ್ದಳು. ದೆವ್ವ ಆಗಲಿಕ್ಕೆ…

ನಾನು ಏಳನೇ ಇಯತ್ತೆಗೆ ಶಾಲೆ ಬಿಟ್ಟು ಮೀನಿನ ಬೋಟಿಗೆ ಸೇರಿದವನು. ಅವಳು ಹೊನ್ನಾವರದಲ್ಲಿ ಕಾಲೇಜಿಗೆ ಹೋಗುತ್ತಿದ್ದಳು. ಅಲ್ಲಿ ಅವಳ ಕ್ಲಾಸಿನವರು ಸೇರಿ ದೆವ್ವದ ಸಿನಿಮಾ ಮಾಡಲು ಹೊರಟರು. ಹುಡುಗರು ಟಾರ್ಚು ಹಿಡಿದು ದೆವ್ವ ಹುಡುಕುತ್ತಾರೆ. ಜೊತೆಗಿದ್ದ ಹುಡುಗಿ ಕಿರುಚಿ ಮೂರ್ಛೆ ಹೋಗುತ್ತಾಳೆ. ದೆವ್ವವೂ ಹೆಂಗಸೇ, ಬಿಳಿ ಸೀರೆ, ಬಿಟ್ಟ ಕೂದಲು. ತಂಗಿಗೆ ಕ್ಯಾಮೆರಾ ಹಿಡಿಯುವ ಆಸೆಯಿತ್ತು. ಅದು ಹುಡುಗರ ಕೆಲಸ ಅಂದರಂತೆ. ಊಟಕ್ಕೆ ಕೂತಾಗ ನನ್ನ ಹತ್ತಿರ ಹೇಳಿಕೊಂಡಳು.

"ಅಣ್ಣಾ, ಅಮ್ಮ ಕತ್ತಲೆಗೇ ಎದ್ದು ಮೀನ್ ಬುಟ್ಟಿ ಹೊತ್ಕಂಡು ಒಬ್ಳೇ ಹೋಗ್ತದೆ. ಯಾವತ್ತಾದ್ರೂ ಕಿರುಚಿದ್ದು ಕೇಳಿದ್ಯಾ?"

"ಅಮ್ಮನ್ನ ಕಂಡ್ರೆ ದೆವ್ವವೇ ಓಡ್ತದೆ" ಅಂದೆ. ಇಬ್ಬರೂ ನಕ್ಕೆವು.

ಕೊನೆಗೆ ಅವಳು ದೆವ್ವವಾಗಲು ಒಪ್ಪಿದಳು, ಕಡೆಯಲ್ಲಿ ದೆವ್ವ ತಾನೇ ಒಂದು ಮಾತು ಆಡಬೇಕು ಎಂಬ ಕರಾರಿನ ಮೇಲೆ. ದಡದ ಗಾಳಿಮರಗಳ ನಡುವೆ ನಿಂತು ಆಡಿದಳು ಕೂಡ. ಹುಡುಗರು ಅದನ್ನು ಕತ್ತರಿಸಿದರು. ದೆವ್ವ ಮಾತಾಡಿದರೆ ಯಾರು ಹೆದರುತ್ತಾರೆ ಅಂದರಂತೆ. ಉಳಿದದ್ದು ಭಟ್ಕಳದಿಂದ ಕುಮಟೆಯವರೆಗೆ ಎಲ್ಲರ ಮೊಬೈಲಿಗೂ ಬಂತು.

ಅದೇ ವಾರ ನಮ್ಮ ಬೋಟಿಗೆ ಮೀನು ಬೀಳಲಿಲ್ಲ. ಬೋಟು ಹೊರಡುವಾಗ ಹೆಂಗಸು ಕೂದಲು ಬಿಟ್ಟುಕೊಂಡು ದಡದಲ್ಲಿ ನಿಲ್ಲಬಾರದು ಎಂಬ ನಂಬಿಕೆ ನಮ್ಮ ಜೊತೆಯವರದು. ಬೋಟು ನಡೆಸುವ ತಾಂಡೇಲ ಖಾಲಿ ಬಲೆ ಕೊಡವುತ್ತ, "ನಿಮ್ಮನೆ ದೆವ್ವಕ್ಕೆ ಜಡೆ ಹಾಕೂಕೆ ಹೇಳೋ ಮಾರಾಯ" ಅಂದ. ಎಲ್ಲರೂ ನಕ್ಕರು. ನಾನೂ ನಕ್ಕು ಬಿಡಬಹುದಿತ್ತು. ಬಿಡಲಿಲ್ಲ. ಮರುದಿನ ತಂಗಿಯನ್ನು ಬಂದರಿಗೆ ಕರೆದೊಯ್ದು, ತುರುಬು ಕಟ್ಟಿಸಿ, ಎಲ್ಲರೆದುರು ಬೋಟಿಗೆ ಕಾಯಿ ಒಡೆಸಿ, ತಪ್ಪಾಯಿತು ಅನ್ನಿಸಿದೆ. ಕಾಲೇಜನ್ನೂ ಬಿಡಿಸಿದೆ. ಪೇಟೆಯಿಂದ ಬಂದ ಅಮ್ಮ ವಿಷಯ ತಿಳಿದು ನನ್ನ ಹತ್ತಿರ ಮಾತು ಬಿಟ್ಟಳು. ಆಮೇಲೂ ಬಲೆ ಖಾಲಿಯೇ ಬಂತು…

ಕಾಯಿ ಒಡೆಸಿದ ದಿನ ಸಂಜೆ ತಂಗಿಯನ್ನು ಅಣಕಿಸಿಯೇ ಕೇಳಿದ್ದೆ, ಅಷ್ಟಕ್ಕೂ ನಿನ್ನ ದೆವ್ವ ಎಂತ ಹೇಳ್ತಿತ್ತು ಅಂತ. ಅವಳು ಮುಖ ತಿರುಗಿಸದೆ ಹೇಳಿದಳು.

"ನಾ ಹೆದ್ರಸೂಕೆ ಬಂದದ್ದಲ್ಲ. ಇದು ನಂದೇ ಮನೆ, ಒಳಗೆ ಬಿಡಿ ಅಂತ."

ಸ್ವಲ್ಪ ದಿನಕ್ಕೆ ಮುರ್ಡೇಶ್ವರದಲ್ಲಿ ರೈಲು ಹತ್ತಿದವಳು ಎಲ್ಲಿ ಇಳಿದಳೋ ಗೊತ್ತಾಗಲಿಲ್ಲ. ಫೋನು ಅವತ್ತೇ ಆಫ್. ಮಂಗಳೂರು, ಕಾರವಾರ, ಗೋವಾ, ಎಲ್ಲ ಕಡೆ ಅಲೆದೆ. ಒಬ್ಬಳೇ ನಿಂತ ಹುಡುಗಿಯರ ಮುಖ ನೋಡಹೋಗಿ ಬೈಸಿಕೊಂಡೆ. ಆ ಸಿನಿಮಾ ನನ್ನ ಮೊಬೈಲಿನಲ್ಲಿ ಇನ್ನೂ ಇದೆ. ಕಡೆಯಲ್ಲಿ ಅವಳು ಬಾಯಿ ತೆರೆಯುತ್ತಾಳೆ, ಅಷ್ಟಕ್ಕೇ ಕಪ್ಪು. ಎಷ್ಟು ಸಲ ಹಾಕಿದರೂ ಅಷ್ಟೇ.

ಡಬ್ಬಿಯನ್ನು ಎಸೆಯಲು ಹೊರಟಿದ್ದೆ. ಅಮ್ಮ ನನ್ನ ಕೈಯಿಂದ ಕಸಿದು, ಸೆರಗಿನಿಂದ ಒರೆಸಿ, ಕನ್ನಡಿಯ ಬಳಿ ಇಟ್ಟಳು. ಇಷ್ಟು ವರ್ಷಗಳ ನಂತರ ನನ್ನ ಹತ್ತಿರ ಮಾತಾಡಿದಳು.

"ಬಂದ್ರೆ ಬೇಕಾಗ್ತದೆ."

ಅವಳು ಬರುವುದಿಲ್ಲ ಅಂತ ನನಗೆ ಗೊತ್ತು… ಹೌದಮ್ಮ ಅಂದೆ.